ಮೆಕ್ಕೆಜೋಳದ ಬೆನ್ನಿಗೆ ಜವೆ ಗೋಧಿ: ಹದಡಿ ಸುತ್ತಿನ ಸಣ್ಣ ಹಿಡುವಳಿಗೊಂದು ಹಿಂಗಾರಿ ಬೆಳೆ

ದಾವಣಗೆರೆ ಬಳಿಯ ಹದಡಿ, ತುರ್ಚಘಟ್ಟ, ಲೋಕಿಕೆರೆ, ಕುಕ್ಕುವಾಡ ಸುತ್ತಿನ ಎರೆ ಹೊಲಗಳಲ್ಲಿ ಮುಂಗಾರಿಗೆ ಮೆಕ್ಕೆಜೋಳವೇ ಮುಖ್ಯ ಬೆಳೆ. ಅಕ್ಟೋಬರ್‌ನಲ್ಲಿ ತೆನೆ ಮುರಿದ ಮೇಲೆ ಎಷ್ಟೋ ಹೊಲಗಳು ಮುಂದಿನ ಮುಂಗಾರಿನವರೆಗೆ ಖಾಲಿ ಬೀಳುತ್ತವೆ. ಭದ್ರಾ ನಾಲೆಯ ಕೊನೆ ಭಾಗದವರಿಗೆ ಬೇಸಿಗೆ ಭತ್ತದ ನೀರಿನ ಭರವಸೆ ಇಲ್ಲ. ಕೊಳವೆಬಾವಿಯಲ್ಲಿ ಎರಡಿಂಚು ನೀರಿದ್ದರೂ ಅದು ಭತ್ತಕ್ಕೆ ಸಾಲದು. ಅಂಥ ನೀರಿಗೆ ಹೊಂದುವ ಬೆಳೆ ಗೋಧಿ. ನಾಲ್ಕೈದು ಹದವಾದ ನೀರು ಕೊಟ್ಟರೆ 100–110 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ.

ಆದರೆ ಒಂದು ಷರತ್ತಿದೆ. ನಮ್ಮಲ್ಲಿ ಗೋಧಿಯ ಇಳುವರಿಯನ್ನು ಗೊಬ್ಬರಕ್ಕಿಂತ ಮೊದಲು ಚಳಿ ನಿರ್ಧರಿಸುತ್ತದೆ. ಆ ಚಳಿ ನಮಗೆ ಸಿಗುವುದು ಎರಡು ತಿಂಗಳು ಮಾತ್ರ.

ಬಿತ್ತನೆ: ಸ್ವಾತಿ ಮಳೆ ದಾಟಿಸಬೇಡಿ

ಇಥಿಯೋಪಿಯಾದ ಎತ್ತರದ ಸೀಮೆಯಲ್ಲಿ ಸಣ್ಣ ರೈತರು ಸಮುದ್ರಮಟ್ಟದಿಂದ 2,000 ಮೀಟರ್‌ಗೂ ಮೇಲೆ ಗೋಧಿ ಬೆಳೆಯುತ್ತಾರೆ. ಅವರಿಗೆ ತಂಪನ್ನು ಕೊಡುವುದು ಬೆಟ್ಟದ ಎತ್ತರ. ನಮ್ಮ ದಾವಣಗೆರೆ ಬಯಲು 600 ಮೀಟರ್ ಆಸುಪಾಸಿನಲ್ಲಿದೆ. ಇಲ್ಲಿ ತಂಪನ್ನು ಪಂಚಾಂಗ ನೋಡಿಯೇ ಹಿಡಿಯಬೇಕು.

ನವೆಂಬರ್ 1ಕ್ಕೆ ಬಿತ್ತಿದ ಗೋಧಿ ಹೊಸ ವರ್ಷದ ಹೊತ್ತಿಗೆ ಹೂವಾಡಿ, ಜನವರಿಯ ಚಳಿಯಲ್ಲಿ ಕಾಳು ತುಂಬಿಕೊಳ್ಳುತ್ತದೆ. ಡಿಸೆಂಬರ್ 1ಕ್ಕೆ ಬಿತ್ತಿದರೆ ಕಾಳು ಕಟ್ಟುವ ಹೊತ್ತಿಗೆ ಫೆಬ್ರುವರಿಯ ಬಿಸಿಲು ಏರಿರುತ್ತದೆ. ಉಷ್ಣತೆ 30 ಡಿಗ್ರಿ ದಾಟಿದರೆ ಕಾಳು ತುಂಬುವ ಮೊದಲೇ ಬಲಿತು ಮುರುಟುತ್ತದೆ. ಹೀಗಾಗಿ ಸ್ವಾತಿ ಮಳೆಯ ದಿನಗಳು, ಅಂದರೆ ಅಕ್ಟೋಬರ್ 24ರಿಂದ ನವೆಂಬರ್ 6ರವರೆಗೆ, ಬಿತ್ತನೆಗೆ ಒಳ್ಳೆಯ ಕಾಲ. ತಡವಾದರೆ ವಿಶಾಖದ ಮೊದಲ ವಾರ. ಅನುರಾಧಕ್ಕೆ ಹೋದರೆ ಆ ವರ್ಷ ಗೋಧಿ ಬಿಟ್ಟು ಕಡಲೆಯಂಥ ಬೆಳೆ ನೋಡಿ. ಭತ್ತದ ಗದ್ದೆ ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಖಾಲಿಯಾಗುವುದರಿಂದ ಅಲ್ಲಿಗೆ ಗೋಧಿ ಬೇಡ. ಜೂನ್‌ನಲ್ಲಿ ಬಿತ್ತಿದ ಮೆಕ್ಕೆಜೋಳದ ಹೊಲವೇ ಇದಕ್ಕೆ ಸರಿ.

ಯಾವ ಗೋಧಿ?

ಕರ್ನಾಟಕದಲ್ಲಿ ಮೂರು ಜಾತಿಯ ಗೋಧಿ ಬೆಳೆಯುತ್ತಾರೆ: ಚಪಾತಿ ಗೋಧಿ, ರವೆ-ಶಾವಿಗೆಗೆ ಒಗ್ಗುವ ಡ್ಯೂರಮ್ ಗೋಧಿ, ಹಾಗೂ ಉತ್ತರ ಕರ್ನಾಟಕದವರು ಸದಕ ಅಥವಾ ಕಪ್ಲಿ ಎನ್ನುವ ಜವೆ ಗೋಧಿ. ಸಣ್ಣ ಹಿಡುವಳಿಗೆ ಜವೆ ಗೋಧಿಯೇ ಮೇಲು. ತುಕ್ಕುರೋಗವನ್ನೂ ಸ್ವಲ್ಪ ಬಿಸಿಲನ್ನೂ ತಡೆಯುತ್ತದೆ. ಹುಗ್ಗಿ, ಪಾಯಸ, ರವೆಗೆ ಜನ ಹುಡುಕಿಕೊಂಡು ಬರುತ್ತಾರೆ.

ಹಳೆಯ ಸದಕ ಎತ್ತರ ಬೆಳೆದು ನೀರು ಹಾಯಿಸಿದರೆ ಒರಗುತ್ತಿತ್ತು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿ.ಡಿ.ಕೆ. 1025, ಡಿ.ಡಿ.ಕೆ. 1029 ಮತ್ತು ನೀಲಗಿರಿಯ ವೆಲ್ಲಿಂಗ್ಟನ್ ಕೇಂದ್ರದ ಎಚ್.ಡಬ್ಲ್ಯೂ. 1098 ಗಿಡ್ಡ ತಳಿಗಳು, ನೀರಾವರಿಗೆ ಒಗ್ಗುತ್ತವೆ. ಚಪಾತಿ ಗೋಧಿಯೇ ಬೇಕೆಂದರೆ ಯು.ಎ.ಎಸ್. 304 ಇದೆ.

ಬೀಜದ ಲೆಕ್ಕ ಮನೆಯಲ್ಲೇ ಮಾಡಿ

ಬೀಜದಿಂದ 1,000 ಕಾಳು ಎಣಿಸಿ ತೂಗಿ. 40 ಗ್ರಾಂ ಬಂತೆನ್ನಿ. ಒಂದು ಚದರ ಮೀಟರ್‌ಗೆ 225 ಕಾಳು ಬೀಳಬೇಕೆಂದರೆ 9 ಗ್ರಾಂ ಬೇಕು. ಎಕರೆಗೆ ಸುಮಾರು 36 ಕಿಲೋ. ನೂರಕ್ಕೆ ತೊಂಬತ್ತು ಮೊಳೆಯುವ ಬೀಜವಾದರೆ 40 ಕಿಲೋ. ಕಾಳು ದಪ್ಪವಿದ್ದರೆ ಇನ್ನಷ್ಟು ಬೇಕು, ಸಣ್ಣದಿದ್ದರೆ ಕಡಿಮೆ ಸಾಕು. ಜವೆ ಗೋಧಿಯನ್ನು ಹೊಟ್ಟು ಸಮೇತ ಬಿತ್ತುವವರು ಕಾಲು ಭಾಗ ಹೆಚ್ಚಿಸಿ 50 ಕಿಲೋ ಹಿಡಿಯಿರಿ.

ಎರಚಿ ಬಿತ್ತಬೇಡಿ. ಕೂರಿಗೆಯಲ್ಲಿ ಸಾಲಿನಿಂದ ಸಾಲಿಗೆ 20–23 ಸೆಂ.ಮೀ. ಅಂತರ ಕೊಟ್ಟು, 5 ಸೆಂ.ಮೀ. ಆಳಕ್ಕೆ ಬೀಜ ಬೀಳಿಸಿ. ಗಿಡ್ಡ ತಳಿಯ ಮೊಳಕೆಗೆ ಇದಕ್ಕಿಂತ ಆಳದಿಂದ ಎದ್ದು ಬರುವ ಶಕ್ತಿ ಕಡಿಮೆ. ಕಿಲೋ ಬೀಜಕ್ಕೆ 2–3 ಗ್ರಾಂ ಕಾರ್ಬಾಕ್ಸಿನ್-ಥೈರಮ್ ಮಿಶ್ರಣದಿಂದ ಬೀಜೋಪಚಾರ ಮಾಡಿ.

ಗೊಬ್ಬರ

ನೀರಾವರಿಯ ಚಪಾತಿ ಗೋಧಿಗೆ ಹೆಕ್ಟೇರಿಗೆ 120:60:40 ಕಿಲೋ ಸಾರಜನಕ, ರಂಜಕ, ಪೊಟ್ಯಾಷ್ ಎಂಬುದು ರೂಢಿಯ ಶಿಫಾರಸು. ಎಕರೆಗೆ ಇಳಿಸಿದರೆ ಒಂದು ಚೀಲ ಡಿಎಪಿ, ಎರಡು ಚೀಲಕ್ಕೆ ತುಸು ಕಡಿಮೆ ಯೂರಿಯಾ, 27 ಕಿಲೋ ಪೊಟ್ಯಾಷ್. ಡಿಎಪಿ, ಪೊಟ್ಯಾಷ್ ಪೂರ್ತಿ ಬಿತ್ತುವಾಗಲೇ ಹೋಗಲಿ. ಯೂರಿಯಾ ಸ್ವಲ್ಪ ಆಗ, ಉಳಿದದ್ದು ಮೊದಲ ನೀರಿನ ಹೊತ್ತಿಗೆ. ಜವೆ ಗೋಧಿಗೆ ಸಾರಜನಕ ಇದಕ್ಕಿಂತ ಕಡಿಮೆ ಸಾಕು. ಹೆಚ್ಚಾದರೆ ಬೆಳೆ ಒರಗುತ್ತದೆ. ಮಣ್ಣು ಪರೀಕ್ಷೆಯ ವರದಿ ಹಿಡಿದು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ಪ್ರಮಾಣ ಕೇಳಿಕೊಳ್ಳಿ. ಮೆಕ್ಕೆಜೋಳದ ದಂಟನ್ನು ಸುಡಬೇಡಿ, ಪುಡಿಮಾಡಿ ಮಣ್ಣಿಗೆ ಸೇರಿಸಿ.

ಇಪ್ಪತ್ತನೇ ದಿನದ ನೀರು

ಬಿತ್ತಿದ 18–21ನೇ ದಿನ ಹೊಲಕ್ಕೆ ಹೋಗಿ ಒಂದು ಸಸಿಯನ್ನು ಮಣ್ಣು ಸಮೇತ ಅಗೆದು ನೋಡಿ. ಕಾಳಿನಿಂದ ಹೊರಟ ಕೂದಲೆಳೆಯಂಥ ಬೇರುಗಳ ಮೇಲೆ, ನೆಲಮಟ್ಟದಿಂದ ಒಂದಿಂಚು ಕೆಳಗೆ, ಕಾಂಡದ ಗಂಟಿನ ಸುತ್ತ ದಪ್ಪನೆಯ ಬಿಳಿ ಮೊಳೆಗಳು ಕಾಣುತ್ತವೆ. ಇವೇ ಮುಕುಟ ಬೇರುಗಳು. ಮುಂದೆ ಗಿಡಕ್ಕೆ ಆಸರೆ ಕೊಡುವುದೂ ತೆಂಡೆ ಒಡೆಸುವುದೂ ಇವೇ. ಆ ಒಂದಿಂಚು ಮಣ್ಣು ಒಣಗಿದ್ದರೆ ಬೇರು ಇಳಿಯುವುದಿಲ್ಲ, ತೆಂಡೆ ಕಟ್ಟುವುದಿಲ್ಲ. ಆಮೇಲೆ ಎಷ್ಟು ನೀರು ಹಾಯಿಸಿದರೂ ಆ ನಷ್ಟ ತುಂಬದು.

ಒಂದೇ ನೀರು ಕೊಡುವ ಶಕ್ತಿಯಿದ್ದರೆ ಈ ಹಂತಕ್ಕೆ ಕೊಡಿ. ಎರಡಿದ್ದರೆ ಇನ್ನೊಂದು ಹೂವಾಡುವಾಗ, 60–65ನೇ ದಿನ. ಮೂರಿದ್ದರೆ ಮೊದಲನೆಯದರ ನಂತರ ಹೊಡೆ ಕಟ್ಟುವಾಗ ಒಂದು, ಕಾಳಿಗೆ ಹಾಲು ತುಂಬುವಾಗ ಒಂದು. ಎರೆ ಮಣ್ಣಿನಲ್ಲಿ ನೀರು ನಿಲ್ಲಬಾರದು. ಉದ್ದ ಪಟ್ಟಿ ಮಾಡಿ ತೆಳುವಾಗಿ ಹಾಯಿಸಿ. ಮೊದಲ ಒಂದು ತಿಂಗಳು ಎಡೆಕುಂಟೆ ಹೊಡೆದು ಕಳೆ ಹತೋಟಿಯಲ್ಲಿಡಿ.

ತುಕ್ಕು ಎಲ್ಲಿಂದ ಬರುತ್ತದೆ?

ನೀಲಗಿರಿ, ಪಳನಿ ಬೆಟ್ಟಗಳ ತಂಪಿನಲ್ಲಿ ತುಕ್ಕುರೋಗದ ಶಿಲೀಂಧ್ರ ಬೇಸಿಗೆಯನ್ನೂ ಬದುಕಿ ಉಳಿಯುತ್ತದೆ. ವಿಜ್ಞಾನಿ ಕೆ.ಸಿ. ಮೆಹ್ತಾ ಇದನ್ನು ಬಹಳ ಹಿಂದೆಯೇ ಗುರುತಿಸಿದ್ದರು. ನವೆಂಬರ್‌ನ ಚಂಡಮಾರುತದ ಗಾಳಿಯಲ್ಲಿ ಅದರ ಬೀಜಾಣುಗಳು ಕರ್ನಾಟಕದ ಕಡೆಗೆ ಬರುತ್ತವೆ. ಆದ್ದರಿಂದ ರೋಗ ತಡೆಯುವ ತಳಿಯೇ ಮೊದಲ ಔಷಧ. ಎಲೆಯ ಮೇಲೆ ಕಿತ್ತಳೆ-ಕಂದು ಪುಡಿ ಬೆರಳಿಗೆ ಹತ್ತಿದರೆ ಲೀಟರ್ ನೀರಿಗೆ 1 ಮಿ.ಲೀ. ಪ್ರೊಪಿಕೊನಜೋಲ್ ಬೆರೆಸಿ ತಡಮಾಡದೆ ಸಿಂಪಡಿಸಿ.

ಕೊಯ್ಲು, ಮಿಲ್ಲು, ಮಾರಾಟ

ಕಾಳು ಕಡಿದರೆ ಕಟ್ಟೆಂದು ಮುರಿಯುವ ಹದಕ್ಕೆ ಬಂದಾಗ ಬೆಳಗಿನ ತಂಪಿನಲ್ಲಿ ಕೊಯ್ಯಿರಿ. ಜವೆ ಗೋಧಿಯ ತೆನೆ ಬಿಸಿಲಲ್ಲಿ ಸುಲಭವಾಗಿ ಮುರಿದು ಉದುರುತ್ತದೆ. ಒಕ್ಕಣೆ ಮಾಡಿದರೂ ಕಾಳು ಹೊಟ್ಟಿನಲ್ಲೇ ಉಳಿಯುತ್ತದೆ; ಅದನ್ನು ಬಿಡಿಸಲು ಬೇರೆ ಯಂತ್ರ ಬೇಕು. ಬಿತ್ತುವ ಮೊದಲೇ ಅಂಥ ಮಿಲ್ಲು ಎಲ್ಲಿದೆ, ಕೊಳ್ಳುವವರು ಯಾರು ಎಂದು ವಿಚಾರಿಸಿಕೊಳ್ಳಿ. ಹೊಟ್ಟು ಸಮೇತ ಇಟ್ಟರೆ ಹುಳ ಬೀಳುವುದು ಕಡಿಮೆ, ಆದ್ದರಿಂದ ಬೇಕಾದಷ್ಟನ್ನೇ ಬಿಡಿಸಿ ಮಾರಿ.

ನೀರಾವರಿಯಲ್ಲಿ ಹೊತ್ತಿಗೆ ಸರಿಯಾಗಿ ಬಿತ್ತಿ ನೋಡಿಕೊಂಡರೆ ಎಕರೆಗೆ 12–15 ಕ್ವಿಂಟಲ್ ನಿರೀಕ್ಷಿಸಬಹುದು. ಮೊದಲ ವರ್ಷ ಅರ್ಧ ಎಕರೆ ಸಾಕು. ನಾಲ್ಕು ಜನ ಅಕ್ಕಪಕ್ಕದ ರೈತರು ಸೇರಿ ಬಿತ್ತಿದರೆ ಬೀಜ, ಮಿಲ್ಲು, ಸಾಗಾಟ ಎಲ್ಲದರ ಖರ್ಚೂ ಹಂಚಿಹೋಗುತ್ತದೆ. ದಸರಾ ಮುಗಿಯುವುದರೊಳಗೆ ಬೀಜ ತಂದಿಟ್ಟುಕೊಳ್ಳಿ, ಮೆಕ್ಕೆಜೋಳ ಮುರಿದ ವಾರದಲ್ಲೇ ಹೊಲ ಹದ ಮಾಡಿ, ಸ್ವಾತಿಯಲ್ಲಿ ಕೂರಿಗೆ ಹೂಡಿ.