ನಮ್ಮ ಹೊಲದ ಮಣ್ಣನ್ನು ಓದೋಣ

ದಿನವೂ ಮಣ್ಣು ಮುಟ್ಟುವವರು ನಾವು. ಕಳೆ ಕೀಳುತ್ತೇವೆ. ಗೊಬ್ಬರ ಹೊರುತ್ತೇವೆ. ಒಲೆ ಮೆತ್ತುತ್ತೇವೆ. ಈ ಮಣ್ಣು ಎಲ್ಲಿಂದ ಬಂತು? ಹೇಗೆ ಹುಟ್ಟಿತು? ಅಕ್ಷರ ಓದಲು ಕಲಿತೆವು. ಈಗ ಮಣ್ಣನ್ನೂ ಓದಲು ಕಲಿಯೋಣ.

ಬಂಡೆಯೇ ಮಣ್ಣಿನ ತಾಯಿ

ತುಮಕೂರಿನ ಹತ್ತಿರ ದೇವರಾಯನದುರ್ಗದ ಬೆಟ್ಟ ಇದೆ. ಕುಣಿಗಲ್ ತಾಲ್ಲೂಕಿನಲ್ಲಿ ಹುಲಿಯೂರುದುರ್ಗದ ಬೆಟ್ಟ ಇದೆ. ಎರಡೂ ಗಟ್ಟಿ ಕಲ್ಲಿನ ಬೆಟ್ಟಗಳು. ನಮ್ಮ ಸೀಮೆಯ ಇಂಥ ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಇನ್ನೂ ಹಳೆಯ ಬಂಡೆಗಳೂ ಇವೆ. ನಮ್ಮ ಹೊಲದ ಮಣ್ಣು ಇಂಥ ಬಂಡೆಯಿಂದಲೇ ಹುಟ್ಟಿದ್ದು.

ಅಷ್ಟು ಗಟ್ಟಿ ಬಂಡೆ ಮಣ್ಣಾಗೋದು ಹೇಗೆ? ಹಗಲು ಬಿಸಿಲಿಗೆ ಬಂಡೆ ಹಿಗ್ಗುತ್ತದೆ. ರಾತ್ರಿ ತಣ್ಣಗಾಗಿ ಕುಗ್ಗುತ್ತದೆ. ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಮಳೆನೀರು ಇಳಿದು ಕಲ್ಲನ್ನು ಸಡಿಲ ಮಾಡುತ್ತದೆ. ಆಮೇಲೆ ಗಿಡದ ಬೇರು ನುಗ್ಗುತ್ತದೆ. ಗೋಡೆಯಲ್ಲಿ ಹುಟ್ಟಿದ ಅರಳಿ ಗಿಡ ಗೋಡೆಯನ್ನೇ ಸೀಳುವುದನ್ನು ನೋಡಿದ್ದೇವಲ್ಲ, ಹಾಗೇನೇ. ಕಲ್ಲು ಒಡೆದು ನೊರಜಾಗುತ್ತದೆ. ನೊರಜು ಪುಡಿಯಾಗುತ್ತದೆ.

ಬರೀ ಕಲ್ಲಿನ ಪುಡಿ ಮಣ್ಣಲ್ಲ. ಅದರಲ್ಲಿ ಎಲೆ, ಬೇರು, ಸಗಣಿ ಕೊಳೆಯಬೇಕು. ಎರೆಹುಳು, ಗೆದ್ದಲು, ಕಣ್ಣಿಗೆ ಕಾಣದ ಜೀವಿಗಳು ಅದನ್ನು ಕಲಸಬೇಕು. ಗಾಳಿ, ನೀರು ಸೇರಬೇಕು. ಆಗಲೇ ಅದು ಮಣ್ಣು.

ಇದಕ್ಕೆ ಎಷ್ಟು ಕಾಲ ಬೇಕು? ಒಂದು ಅಂಗುಲ ಮಣ್ಣಿಗೆ ನೂರಾರು ವರ್ಷ ಬೇಕು. ಕೆಲವು ಕಡೆ 1000 ವರ್ಷವೂ ಹಿಡಿಯುತ್ತದೆ.

ಬಣ್ಣ ಏನು ಹೇಳುತ್ತದೆ?

ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಕೆಂಪು ಮಣ್ಣೇ ಹೆಚ್ಚು. ಯಾಕೆ ಕೆಂಪು? ಮಣ್ಣಿನಲ್ಲಿ ಕಬ್ಬಿಣದ ಅಂಶ ಇದೆ. ನೆನೆದ ಕುಡುಗೋಲಿಗೆ ತುಕ್ಕು ಹಿಡಿಯುವ ಹಾಗೆ ಆ ಕಬ್ಬಿಣಕ್ಕೂ ತುಕ್ಕು ಹಿಡಿದಿದೆ. ಅದೇ ಕೆಂಪು. ಈ ಮಣ್ಣಿನಲ್ಲಿ ನೀರು ಬೇಗ ಇಂಗುತ್ತದೆ. ಬೇಗ ಆರಿಯೂ ಹೋಗುತ್ತದೆ. ರಾಗಿ, ಅವರೆ, ಹುರುಳಿ ಇದರಲ್ಲಿ ಚೆನ್ನಾಗಿ ಬರುತ್ತವೆ.

ಕೆರೆಯ ಹಿಂದಿನ ಬಯಲಿನಲ್ಲಿ ಮಣ್ಣು ನುಣುಪು, ಬಣ್ಣ ಕಪ್ಪು. ನೀರು ತಂದು ಹಾಕಿದ ಸಣ್ಣ ಕಣಗಳು ಅಲ್ಲಿವೆ. ತೇವ ಬಹಳ ದಿನ ನಿಲ್ಲುತ್ತದೆ. ಮಣ್ಣಿನ ಮೇಲೆ ಉಪ್ಪಿನಂತೆ ಬಿಳಿ ಪುಡಿ ಕಂಡರೆ ಅದು ಚೌಳು. ಅಲ್ಲಿ ಬೆಳೆ ಸೊರಗುತ್ತದೆ.

ತೆಂಗಿನ ಸಸಿಗೆ ಗುಣಿ ತೋಡುವಾಗ ಪಕ್ಕದ ಗೋಡೆ ನೋಡಿ. ಮೇಲೆ ಸ್ವಲ್ಪ ಕಂದು ಪದರ. ಅದರ ಕೆಳಗೆ ಕೆಂಪು. ಇನ್ನೂ ಕೆಳಗೆ ನೊರಜು. ಅದಕ್ಕೂ ಕೆಳಗೆ ಬಂಡೆ. ಮೇಲಿನ ಒಂದು ಗೇಣು ಮಣ್ಣಿನಲ್ಲಿ ಸಾರ ಹೆಚ್ಚು. ನಮ್ಮ ಅನ್ನ ಇರುವುದು ಆ ಗೇಣಿನಲ್ಲಿ.

ಮಾಡಿ ನೋಡೋಣ

1. ಬಳೆ ಪರೀಕ್ಷೆ: ಒಂದು ಹಿಡಿ ಮಣ್ಣು ತೆಗೆದುಕೊಳ್ಳಿ. ಕಲ್ಲು ಆರಿಸಿ. ನೀರು ಚಿಮುಕಿಸಿ ಹಿಟ್ಟಿನಂತೆ ನಾದಿ. ಉಂಡೆಯೇ ಆಗದಿದ್ದರೆ ಅದು ಮರಳು ಮಣ್ಣು. ಉಂಡೆಯಾಗಿ, ಹೊಸೆದರೆ ತುಂಡಾದರೆ ಅದು ಗೋಡು ಸೇರಿದ ಹದವಾದ ಮಣ್ಣು. ಉದ್ದಕ್ಕೆ ಹೊಸೆದು, ಬಿರುಕಿಲ್ಲದೆ ಬಳೆಯಂತೆ ಬಗ್ಗಿದರೆ ಅದು ಜೇಡಿ ಮಣ್ಣು.

2. ಸೀಸೆ ಪರೀಕ್ಷೆ: ಗಾಜಿನ ಸೀಸೆಗೆ ಕಾಲು ಭಾಗ ಮಣ್ಣು ಹಾಕಿ. ನೀರು ತುಂಬಿ ಚೆನ್ನಾಗಿ ಕುಲುಕಿ ಇಡಿ. ಮೊದಲು ಮರಳು ತಳ ಸೇರುತ್ತದೆ. ಕೆಲವು ಗಂಟೆಯಲ್ಲಿ ಗೋಡು ಕೂರುತ್ತದೆ. ಜೇಡಿ ಕೂರಲು ಒಂದು ದಿನವೋ ಹೆಚ್ಚೋ ಬೇಕು. ಯಾವ ಪದರ ದಪ್ಪ ಇದೆ, ನೋಡಿ.

ಮಣ್ಣು ಹೋಗುವುದು ಎಲ್ಲಿಗೆ?

ಶಿಂಷಾ ನದಿ ಹುಟ್ಟುವುದು ದೇವರಾಯನದುರ್ಗದ ಕಡೆ. ಅದು ಗುಬ್ಬಿ ತಾಲ್ಲೂಕಿನ ಕಡಬ ಕೆರೆಗೆ ಬರುತ್ತದೆ. ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ಸೇರುತ್ತದೆ. ಜೋರು ಮಳೆ ಬಂದಾಗ ಹಳ್ಳದ ನೀರು ಕೆಂಪಗೆ ಹರಿಯುತ್ತದೆ. ಆ ಕೆಂಪು ನಮ್ಮ ಹೊಲದ ಮೇಲ್ಮಣ್ಣು. ಅದು ಕೆರೆಯಲ್ಲಿ ಹೂಳಾಗಿ ಕೂರುತ್ತದೆ. ಹೊಲವೂ ಬಡವಾಯಿತು, ಕೆರೆಯೂ ಬಡವಾಯಿತು.

ಕೆಲವರು ಮೇಲ್ಮಣ್ಣನ್ನು ಇಟ್ಟಿಗೆ ಗೂಡಿಗೆ ಮಾರುತ್ತಾರೆ. ಬಂದ ದುಡ್ಡು ಒಂದು ವರ್ಷಕ್ಕೆ ಮುಗಿಯುತ್ತದೆ. ಹೋದ ಮಣ್ಣು ಮೊಮ್ಮಕ್ಕಳ ಕಾಲಕ್ಕೂ ಹುಟ್ಟುವುದಿಲ್ಲ.

ನಾವೇನು ಮಾಡಬಹುದು?

ಇಳಿಜಾರಿಗೆ ಅಡ್ಡಲಾಗಿ ಉಳಬೇಕು. ಬದು ಹಾಕಿ ಹುಲ್ಲು ಬೆಳೆಸಬೇಕು. ಕಸಕಡ್ಡಿ ಸುಡದೆ ಗೊಬ್ಬರ ಮಾಡಬೇಕು. ಬೇಸಿಗೆಯಲ್ಲಿ ಒಣಗಿದ ಕೆರೆಯ ಗೋಡು ಹೊಡೆಯುವುದು ಹಿರಿಯರ ರೂಢಿ. ಅದು ನಮ್ಮದೇ ಮಣ್ಣನ್ನು ಮನೆಗೆ ಕರೆತಂದ ಹಾಗೆ.

ಮಣ್ಣಿನ ಪರೀಕ್ಷೆಯನ್ನೂ ಮಾಡಿಸೋಣ. ಹೊಲದ ಎಂಟು ಹತ್ತು ಕಡೆ ಆರು ಅಂಗುಲ ಆಳದ ಮಣ್ಣು ತೆಗೆಯೋಣ. ಬದು, ಮರದ ಬುಡ, ತಿಪ್ಪೆಯ ಜಾಗ ಬೇಡ. ಎಲ್ಲ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಚೀಲಕ್ಕೆ ಹಾಕೋಣ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸೋಣ. ತುಮಕೂರಿನ ಹತ್ತಿರ ಹಿರೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇದೆ.

ಸರ್ಕಾರ ಮಣ್ಣು ಆರೋಗ್ಯ ಚೀಟಿ ಕೊಡಲು ಶುರು ಮಾಡಿದ್ದು 2015ರಲ್ಲಿ. ಅದರಲ್ಲಿ 12 ಅಂಶ ಇರುತ್ತವೆ. 'ರಸಸಾರ' ಎಂಬ ಪದ ಹುಡುಕಿ. ಅದರ ಮುಂದೆ 7 ಇದ್ದರೆ ಮಣ್ಣು ಸಮ. 7ಕ್ಕಿಂತ ಬಹಳ ಕಡಿಮೆ ಇದ್ದರೆ ಹುಳಿ ಮಣ್ಣು. ಬಹಳ ಹೆಚ್ಚಿದ್ದರೆ ಕ್ಷಾರ ಮಣ್ಣು. 'ಸಾವಯವ ಇಂಗಾಲ' ಕಡಿಮೆ ಅಂತಿದ್ದರೆ ಕೊಟ್ಟಿಗೆ ಗೊಬ್ಬರ ಬೇಕು ಅಂತ ಅರ್ಥ.

ಹೊಲ ಯಾರ ಹೆಸರಲ್ಲೇ ಇರಲಿ, ಅಲ್ಲಿ ದುಡಿಯುವ ಕೈ ನಮ್ಮದೂ ಹೌದು. ಚೀಟಿ ಬಂದರೆ ಸೂರಿಗೆ ಸಿಕ್ಕಿಸಿ ಮರೆಯುವುದು ಬೇಡ. ಅಂಶ ಅಂಶವಾಗಿ ನಾವೇ ಓದೋಣ. ಎಷ್ಟು ಗೊಬ್ಬರ, ಯಾವ ಗೊಬ್ಬರ ಅಂತ ಮನೆಯಲ್ಲಿ ಮಾತಾಡೋಣ.

ಚರ್ಚೆ ಮಾಡೋಣ

1. ನಿಮ್ಮ ಹೊಲದ ಮಣ್ಣು ಬಳೆಯಾಯಿತೇ, ಮುರಿಯಿತೇ?
2. ಮಳೆ ಬಂದಾಗ ನಿಮ್ಮ ಊರಿನ ಮಣ್ಣು ಯಾವ ಕೆರೆ ಸೇರುತ್ತದೆ?
3. ಅದನ್ನು ಹೊಲದಲ್ಲೇ ನಿಲ್ಲಿಸಲು ನಾವು ಹೆಂಗಸರು ಸೇರಿ ಏನು ಮಾಡಬಹುದು?