ಹಿತ್ತಾಳೆಯ ಪುಟ್ಟ ಉಗಿಬಂಡಿ

ಕಳೆದ ವರ್ಷ ನನ್ನ ಸಹೋದ್ಯೋಗಿಗಳೊಬ್ಬರು ತಮ್ಮ ಹಿರಿಯರ ಮನೆಯ ಅಟ್ಟವನ್ನು ಶೋಧಿಸುತ್ತಿದ್ದಾಗ ದೊರೆತ ವಸ್ತುವೊಂದನ್ನು ನಮ್ಮ ಪ್ರಯೋಗಶಾಲೆಗೆ ತಂದುಕೊಟ್ಟರು. ಒಂದು ಗೇಣಿಗಿಂತ ತುಸು ಉದ್ದವಾದ, ಇಂಗ್ಲೆಂಡಿನಲ್ಲಿ ತಯಾರಾದ ಹಿತ್ತಾಳೆಯ ಆಟದ ಎಂಜಿನ್ನು ಅದು. ಉರುಟಾದ ಬಾಯ್ಲರು, ಅದರ ಮೇಲೊಂದು ಹೊಗೆಗೊಳವೆ, ಬದಿಯಲ್ಲಿ ಹೆಬ್ಬೆರಳಿನಷ್ಟು ಸಿಲಿಂಡರು, ಅಡಿಯಲ್ಲಿ ಸ್ಪಿರಿಟ್ ದೀಪವನ್ನಿಡಲು ಸ್ಥಳ; ಇಷ್ಟೇ ಅದರ ಅಂಗಾಂಗಗಳು. ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಯೊಬ್ಬ ಅದನ್ನು ಕಂಡೊಡನೆ ಎರಡು ಪ್ರಶ್ನೆಗಳನ್ನು ಕೇಳಿದನು. "ಸಾರ್, ನಿಜವಾದ ಉಗಿಬಂಡಿಗೆ ಎಷ್ಟೊಂದು ಸರಳುಗಳೂ ಕವಾಟಗಳೂ ಇರುತ್ತವೆ, ಇದರಲ್ಲಿ ಅವೊಂದೂ ಇಲ್ಲ. ಇದು ಓಡೀತೇ?" ಎಂಬುದು ಮೊದಲನೆಯದು. "ಈಗಲೇ ದೀಪ ಹಚ್ಚಿ ನೋಡಬಾರದೇ?" ಎಂಬುದು ಎರಡನೆಯದು. ಮೊದಲನೆಯದಕ್ಕೆ ಹೌದೆಂದೂ ಎರಡನೆಯದಕ್ಕೆ ಕೂಡದೆಂದೂ ಉತ್ತರವಿತ್ತೆ. ಈ ಎರಡು ಉತ್ತರಗಳಿಗೂ ಕಾರಣ ಒಂದೇ ಎಂಬುದನ್ನು ಆತನಿಗೆ ವಿವರಿಸಲು ಒಂದು ಗಂಟೆಯ ಕಾಲ ಸಾಲಲಿಲ್ಲ.

ಉಗಿಬಂಡಿಯ ಚರಿತ್ರೆಯಲ್ಲಿ ಮಾದರಿ ಮೊದಲು ಹುಟ್ಟಿತು, ಬಂಡಿ ಆಮೇಲೆ. ಜೇಮ್ಸ್ ವಾಟನ ಕಾರ್ಖಾನೆಯ ಪರವಾಗಿ ಕಾರ್ನ್‌ವಾಲ್ ಪ್ರಾಂತದ ಗಣಿಗಳಲ್ಲಿ ಯಂತ್ರಗಳನ್ನು ನಿಲ್ಲಿಸುತ್ತಿದ್ದ ವಿಲಿಯಂ ಮರ್ಡಾಕ್ ಎಂಬಾತನು 1784ರಲ್ಲಿ ಮೂರು ಗಾಲಿಗಳ ಚಿಕ್ಕ ಉಗಿಗಾಡಿಯೊಂದನ್ನು ರಚಿಸಿ, ಸ್ಪಿರಿಟ್ ದೀಪದ ಶಾಖದಿಂದ ಅದನ್ನು ಓಡಿಸಿದನು. ಒಂದು ರಾತ್ರಿ ಚರ್ಚಿನ ದಾರಿಯಲ್ಲಿ ಅದನ್ನು ಓಡಬಿಟ್ಟಾಗ, ಕತ್ತಲಲ್ಲಿ ಬೆಂಕಿಯುಗುಳುತ್ತ ಬರುವ ಆಕೃತಿಯನ್ನು ಕಂಡು ಪಾದ್ರಿಗಳು ಸೈತಾನನೇ ಬಂದನೆಂದು ಕೂಗಿಕೊಂಡರಂತೆ. ಕಥೆ ಎಷ್ಟು ನಿಜವೋ, ಆ ಗಾಡಿಯಂತೂ ಇಂದಿಗೂ ಬರ್ಮಿಂಗ್‌ಹ್ಯಾಮಿನ ವಸ್ತುಸಂಗ್ರಹಾಲಯದಲ್ಲಿದೆ. ಹಳಿಯ ಮೇಲೆ ನಿಜವಾದ ಭಾರವನ್ನು ಎಳೆದ ಟ್ರೆವಿಥಿಕನ ಎಂಜಿನ್ನು ವೇಲ್ಸಿನಲ್ಲಿ ಓಡಿದ್ದು ಇಪ್ಪತ್ತು ವರ್ಷಗಳ ಅನಂತರ, 1804ರಲ್ಲಿ.

ರೈಲುಗಳು ಮನೆಮಾತಾದ ಮೇಲೆ, ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ, ಹಿತ್ತಾಳೆಯ ಆಟದ ಎಂಜಿನ್ನುಗಳು ಇಂಗ್ಲೆಂಡಿನ ಅಂಗಡಿಗಳಲ್ಲಿ ಮಾರಾಟಕ್ಕೆ ಬಂದವು. ಅವಕ್ಕೆ ಹಳಿ ಬೇಕಿರಲಿಲ್ಲ. ಮುಂದಿನ ಗಾಲಿಯನ್ನು ಓರೆಯಾಗಿ ತಿರುಗಿಸಿಟ್ಟರೆ ಕೋಣೆಯ ನೆಲದ ಮೇಲೆ ಸುತ್ತು ಹಾಕುತ್ತಿದ್ದವು. ಹೋದ ಕಡೆಯೆಲ್ಲ ನೀರು ತೊಟ್ಟಿಕ್ಕಿಸುತ್ತ ಹೋಗುತ್ತಿದ್ದುದರಿಂದ ಅವಕ್ಕೆ "ಡ್ರಿಬ್ಲರ್", ಎಂದರೆ ಜೊಲ್ಲು ಸುರಿಸುವುದು, ಎಂಬ ಹೆಸರೇ ಬಿದ್ದಿತು. ಕೆಲವೊಮ್ಮೆ ನೀರಿನೊಡನೆ ಉರಿಯುವ ಸ್ಪಿರಿಟೂ ಚೆಲ್ಲಿ ರತ್ನಗಂಬಳಿಗಳು ಸುಟ್ಟುದುಂಟು. ನಮ್ಮ ಮೇಜಿನ ಮೇಲಿದ್ದುದು ಈ ವಂಶದ್ದೇ.

ಇನ್ನು ವಿದ್ಯಾರ್ಥಿಯ ಮೊದಲ ಪ್ರಶ್ನೆ. ದೊಡ್ಡ ಎಂಜಿನ್ನಿನಲ್ಲಿ ಸಿಲಿಂಡರು ಅಲುಗದೆ ನಿಂತಿರುತ್ತದೆ. ಪಿಸ್ಟನ್ನಿನ ಒಂದು ಬದಿಗೊಮ್ಮೆ ಇನ್ನೊಂದು ಬದಿಗೊಮ್ಮೆ ಉಗಿಯನ್ನು ಬಿಡಲು ಜಾರುಕವಾಟವೂ, ಅದನ್ನು ತಕ್ಕ ಕಾಲದಲ್ಲಿ ಆಡಿಸಲು ಸರಳುಗಳ ಜೋಡಣೆಯೂ ಬೇಕು. ಆಟಿಕೆಯಲ್ಲಿಯಾದರೋ ಸಿಲಿಂಡರೇ ತೊಟ್ಟಿಲಿನಂತೆ ತೂಗುತ್ತದೆ. ಪಿಸ್ಟನ್ನಿನ ದಂಡವು ನೇರವಾಗಿ ಗಾಲಿಯ ಕ್ರ್ಯಾಂಕಿಗೆ ಸೇರಿರುವುದರಿಂದ, ಗಾಲಿ ತಿರುಗಿದಂತೆಲ್ಲ ಸಿಲಿಂಡರು ತನ್ನ ಕೀಲಿನ ಮೇಲೆ ಅತ್ತಿತ್ತ ಓಲಾಡುತ್ತದೆ. ಅದರ ಚಪ್ಪಟೆಯಾದ ಮುಖದಲ್ಲಿ ಒಂದು ರಂಧ್ರವಿದೆ. ಆ ಮುಖವು ಒರಗಿಕೊಂಡಿರುವ ಸ್ಥಿರ ಫಲಕದಲ್ಲಿ ಎರಡು ರಂಧ್ರಗಳಿವೆ: ಒಂದು ಬಾಯ್ಲರಿನಿಂದ ಉಗಿ ಬರುವುದಕ್ಕೆ, ಮತ್ತೊಂದು ಕೆಲಸ ಮುಗಿಸಿದ ಉಗಿ ಹೊರಹೋಗುವುದಕ್ಕೆ. ಸಿಲಿಂಡರು ಒಂದು ಕಡೆಗೆ ಓಲಿದಾಗ ಅದರ ರಂಧ್ರವು ಮೊದಲನೆಯದಕ್ಕೆ ಎದುರಾಗಿ ಉಗಿ ಒಳನುಗ್ಗುತ್ತದೆ. ಇನ್ನೊಂದು ಕಡೆಗೆ ಓಲಿದಾಗ ಎರಡನೆಯದಕ್ಕೆ ಎದುರಾಗಿ ಉಗಿ ಹೊರಬೀಳುತ್ತದೆ. ನಡುವೆ ಗಾಲಿಯನ್ನು ತಿರುಗಿಸುವುದು ಅದರ ಜಡತ್ವ. ಸಿಲಿಂಡರಿನ ಮುಖವನ್ನು ಫಲಕಕ್ಕೆ ಒತ್ತಿ ಹಿಡಿಯಲು ಒಂದು ಸುರುಳಿಯ ಸ್ಪ್ರಿಂಗಿದೆ. ಉಗಿಯ ಒತ್ತಡ ಮಿತಿಮೀರಿದರೆ ಸ್ಪ್ರಿಂಗು ಸೋತು ಸಂದಿಯಿಂದ ಉಗಿ ಸೋರಿಹೋಗುವುದರಿಂದ ಅದು ಅಷ್ಟರ ಮಟ್ಟಿಗೆ ರಕ್ಷಣಾ ಕವಾಟವೂ ಆಗುತ್ತದೆ. ಇಷ್ಟು ಸರಳವಾದ, ಇಷ್ಟು ಜಾಣತನದ ಕವಾಟ ಬೇರೊಂದಿಲ್ಲವೆಂದು ನನ್ನ ಅಭಿಪ್ರಾಯ.

ಹಾಗಾದರೆ ದೊಡ್ಡ ಎಂಜಿನ್ನಿನ ಪ್ರತಿಯೊಂದು ಭಾಗವನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ ನಿಜವಾದ ಪ್ರತಿಕೃತಿಯನ್ನೇ ಏಕೆ ಮಾಡಬಾರದು? ಇಲ್ಲಿ ನಮ್ಮ ಪಾಠ ಆರಂಭವಾಗುತ್ತದೆ. 4 ಅಡಿ 8½ ಅಂಗುಲದ ಹಳಿಯನ್ನು 32ರಿಂದ ಭಾಗಿಸಿದರೆ 45 ಮಿಲಿಮೀಟರು ಬರುತ್ತದೆ; ಹವ್ಯಾಸಿಗಳು ಇದನ್ನು ಒಂದನೆಯ ಗೇಜ್ ಎನ್ನುತ್ತಾರೆ. ಉದ್ದ 32ನೆಯ ಒಂದು ಪಾಲಿಗೆ ಇಳಿದಾಗ ವಿಸ್ತೀರ್ಣವು 1,024ನೆಯ ಒಂದು ಪಾಲಿಗೂ ಘನಫಲವು 32,768ನೆಯ ಒಂದು ಪಾಲಿಗೂ ಇಳಿಯುತ್ತವೆ. ದೊಡ್ಡ ಪ್ರಾಣಿಯ ಮೂಳೆ ಏಕೆ ದಪ್ಪವಾಗಿರಬೇಕೆಂದು ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ್ದು ಈ ನಿಯಮದಿಂದಲೇ. ನೂರು ಟನ್ನಿನ ಎಂಜಿನ್ನಿನ ಪ್ರತಿಕೃತಿ ಸುಮಾರು 3 ಕಿಲೋಗ್ರಾಂ ತೂಗುತ್ತದೆ.

ಈ ನಿಯಮ ಒಂದು ಕೈಯಿಂದ ಕೊಡುತ್ತದೆ, ಇನ್ನೊಂದು ಕೈಯಿಂದ ಕಸಿದುಕೊಳ್ಳುತ್ತದೆ. ಮೊದಲು ಕೊಡುವುದನ್ನು ನೋಡೋಣ. ಪಿಸ್ಟನ್ನಿನ ಮೇಲಣ ಬಲವು ಅದರ ವಿಸ್ತೀರ್ಣಕ್ಕೆ ಅನುಸಾರವಾದುದು. ಎಳೆಯಬೇಕಾದ ತೂಕವಾದರೋ ಘನಫಲಕ್ಕೆ ಅನುಸಾರವಾದುದು. ಆದ್ದರಿಂದ ಅದೇ ಒತ್ತಡದ ಉಗಿಯಿದ್ದರೆ ಪುಟ್ಟ ಎಂಜಿನ್ನು ತನ್ನ ತೂಕದ ದೃಷ್ಟಿಯಿಂದ ದೊಡ್ಡದಕ್ಕಿಂತ 32 ಪಾಲು ಬಲಶಾಲಿ. ನಮ್ಮ ದೇಶದಲ್ಲಿ ಓಡುತ್ತಿದ್ದ ಡಬ್ಲ್ಯೂ.ಪಿ. ವರ್ಗದ ಎಂಜಿನ್ನುಗಳ ಬಾಯ್ಲರಿನಲ್ಲಿ ಚದರ ಅಂಗುಲಕ್ಕೆ 210 ಪೌಂಡುಗಳ ಒತ್ತಡವಿರುತ್ತಿತ್ತು. ಆಟಿಕೆಗೆ ಅದರಲ್ಲಿ ಹತ್ತನೆಯ ಒಂದು ಪಾಲಿದ್ದರೂ ಧಾರಾಳವಾಯಿತು.

ಇನ್ನು ಕಸಿದುಕೊಳ್ಳುವುದು. ಉಗಿಯ ಪ್ರಮಾಣ ಘನಫಲಕ್ಕೆ ತಕ್ಕಂತೆ ಕುಗ್ಗಿದರೆ, ಶಾಖವು ಸೋರಿಹೋಗುವ ಮೇಲ್ಮೈ ವಿಸ್ತೀರ್ಣಕ್ಕೆ ತಕ್ಕಂತೆ ಮಾತ್ರ ಕುಗ್ಗುತ್ತದೆ. ನಮ್ಮ ಎಂಜಿನ್ನಿನ ಸಿಲಿಂಡರಿನ ಒಳವ್ಯಾಸ 1 ಸೆಂಟಿಮೀಟರು, ಪಿಸ್ಟನ್ನಿನ ಓಟ 2 ಸೆಂಟಿಮೀಟರು. ಒಂದು ಓಟಕ್ಕೆ ಹಿಡಿಸುವ ಉಗಿ 1.57 ಘನ ಸೆಂಟಿಮೀಟರು. ವಾಯುಮಂಡಲದ ಮೂರರಷ್ಟು ಒತ್ತಡದಲ್ಲಿ ಇದರ ತೂಕ 2.6 ಮಿಲಿಗ್ರಾಂ ಮಾತ್ರ; ಅಷ್ಟೂ ನೀರಾದರೆ ಬಿಟ್ಟುಕೊಡುವ ಗುಪ್ತೋಷ್ಣ ಸುಮಾರು 5.6 ಜೂಲ್. ಸಿಲಿಂಡರಿನ ಹಿತ್ತಾಳೆ 11 ಗ್ರಾಂ ಎಂದಿಟ್ಟುಕೊಳ್ಳೋಣ. ಅದನ್ನು 25 ಡಿಗ್ರಿಯಿಂದ ಆ ಒತ್ತಡದ ಉಗಿಯ ಉಷ್ಣತೆಯಾದ 133 ಡಿಗ್ರಿಗೆ ಏರಿಸಲು ಬೇಕಾದ ಶಾಖ ಸುಮಾರು 450 ಜೂಲ್. ಎಂದರೆ, ಎಂಬತ್ತು ಓಟಗಳಿಗೆ ಸಾಕಾಗುವ ಉಗಿಯು ಒಂದಿಷ್ಟೂ ಕೆಲಸ ಮಾಡದೆ ಸಿಲಿಂಡರನ್ನು ಬಿಸಿಮಾಡುವುದರಲ್ಲೇ ನೀರಾಗಿ ಹೋಗುತ್ತದೆ! ಡ್ರಿಬ್ಲರುಗಳು ಜೊಲ್ಲು ಸುರಿಸಿದ್ದು ತಯಾರಕನ ಅಜಾಗ್ರತೆಯಿಂದಲ್ಲ, ಗಣಿತದ ನಿರ್ಬಂಧದಿಂದ. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಒಮ್ಮೆ ಮಾಡಿ ನೋಡುವುದು ಒಳ್ಳೆಯದು.

ಬೆಂಕಿಯ ಪಾಡೂ ಹೀಗೆಯೇ. ದೊಡ್ಡ ಬಾಯ್ಲರಿನೊಳಗೆ ಬಿಸಿಗಾಳಿಯನ್ನೊಯ್ಯುವ ಕೊಳವೆಗಳು ಸುಮಾರು ಎರಡು ಅಂಗುಲ ವ್ಯಾಸದವು. ಅವುಗಳನ್ನು 32ರಿಂದ ಭಾಗಿಸಿದರೆ ದೊರೆಯುವ ಒಂದೂವರೆ ಮಿಲಿಮೀಟರಿನ ರಂಧ್ರದಲ್ಲಿ ಜ್ವಾಲೆ ಬದುಕಲಾರದು, ಗಾಳಿಯೂ ಸರಾಗವಾಗಿ ಹರಿಯಲಾರದು; ಒಂದು ತೊಟ್ಟು ನೀರು ಮೇಲ್ಮೈ ಎಳೆತದಿಂದ ಅದನ್ನು ಮುಚ್ಚಿಬಿಡಬಲ್ಲದು. ಕೊಳವೆ ಕುಗ್ಗಬಹುದು, ಗಾಳಿಯ ಅಣು ಕುಗ್ಗುವುದಿಲ್ಲ. ಆದ್ದರಿಂದ ಮಾದರಿಯಲ್ಲಿ ನೂರಾರು ಸಣ್ಣ ಕೊಳವೆಗಳ ಬದಲು ಕೆಲವೇ ದೊಡ್ಡ ಕೊಳವೆಗಳಿರಬೇಕು.

ಈ ವಿಷಯದಲ್ಲಿ ಇಂಗ್ಲೆಂಡಿನಲ್ಲಿ ಒಂದು ಕದನವೇ ನಡೆಯಿತು. 1898ರಲ್ಲಿ ಪರ್ಸಿವಲ್ ಮಾರ್ಷಲ್ ಆರಂಭಿಸಿದ "ಮಾಡೆಲ್ ಎಂಜಿನಿಯರ್" ಪತ್ರಿಕೆಯಲ್ಲಿ 1920ರ ದಶಕದ ಮೊದಲಲ್ಲಿ ವಾದವೆದ್ದಿತು. ಸಣ್ಣ ಎಂಜಿನ್ನಿಗೆ ಸ್ಪಿರಿಟ್ ದೀಪವೂ, ಜ್ವಾಲೆಯಲ್ಲಿ ಹಾಯುವ ನೀರುಗೊಳವೆಗಳ ಬಾಯ್ಲರೂ ಮಾತ್ರ ಒಗ್ಗುವುದೆಂದು ಅನುಭವಸ್ಥರು ಹೇಳುತ್ತಿದ್ದರು. ದೊಡ್ಡ ಎಂಜಿನ್ನಿನಂತೆಯೇ ಕಲ್ಲಿದ್ದಲನ್ನು ಉರಿಸಿ, ಬೆಂಕಿಯನ್ನು ಕೊಳವೆಗಳ ಮೂಲಕ ಹಾಯಿಸಬಹುದು, ಆದರೆ ಅಳತೆಗಳನ್ನು ಕುರುಡಾಗಿ ಕುಗ್ಗಿಸದೆ ಸಣ್ಣ ಬೆಂಕಿಗೆ ತಕ್ಕಂತೆ ಯೋಜಿಸಬೇಕು ಎಂದು "ಎಲ್.ಬಿ.ಎಸ್.ಸಿ." ಎಂಬ ಗುಪ್ತನಾಮದ ಲೇಖಕರು ಹಟಹಿಡಿದರು. ತಾವು ಹಿಂದೆ ದುಡಿದಿದ್ದ ರೈಲ್ವೆಯ ಹೆಸರಿನ ಮೊದಲಕ್ಷರಗಳನ್ನೇ ಅವರು ಗುಪ್ತನಾಮವಾಗಿಸಿಕೊಂಡಿದ್ದರು. 1924ರಲ್ಲಿ ಎರಡು ಪಕ್ಷಗಳ ಎಂಜಿನ್ನುಗಳೂ ಪ್ರದರ್ಶನದಲ್ಲಿ ಮುಖಾಮುಖಿಯಾದವು. ಒಂದು ಕಡೆ ಹೆನ್ರಿ ಗ್ರೀನ್ಲಿಯವರು ಯೋಜಿಸಿದ ಸ್ಪಿರಿಟಿನ ಎಂಜಿನ್ನು; ಇನ್ನೊಂದು ಕಡೆ 2½ ಅಂಗುಲದ ಹಳಿಯ ಮೇಲೆ ಓಡುವ "ಆಯೇಷಾ" ಎಂಬ ಕಲ್ಲಿದ್ದಲಿನ ಎಂಜಿನ್ನು. ಆಯೇಷಾ ವಯಸ್ಕರನ್ನು ಕೂರಿಸಿಕೊಂಡು ಎಳೆಯಿತು. ಇದು ಪವಾಡವಲ್ಲ. ಚಾಲಕ ಗಾಲಿಗಳ ಮೇಲೆ 4 ಕಿಲೋಗ್ರಾಂ ಭಾರವಿದ್ದು ಘರ್ಷಣಾಂಕ ಕಾಲುಭಾಗವಾದರೆ ಎಂಜಿನ್ನು 1 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆಯಬಲ್ಲದು; ಉರುಳುವ ಗಾಡಿಯ ತಡೆಯು ಭಾರದ ನೂರನೆಯ ಒಂದು ಪಾಲಾದರೆ ಅಷ್ಟರಿಂದ ನೂರು ಕಿಲೋಗ್ರಾಂ ಚಲಿಸುತ್ತದೆ. ಬೇಕಾದುದು ಎಡೆಬಿಡದೆ ಉಗಿಯನ್ನೊದಗಿಸುವ ಬಾಯ್ಲರು. ಅದು ಆಯೇಷಾಗೆ ಇತ್ತು.

ಅನಂತರ ಈ ಹವ್ಯಾಸ ಇಂಗ್ಲೆಂಡನ್ನು ದಾಟಿ ಬೆಳೆಯಿತು. ಜಪಾನಿನ ಆಸ್ಟರ್ ಸಂಸ್ಥೆ 1975ರಿಂದ ಒಂದನೆಯ ಗೇಜಿನ ಉಗಿ ಎಂಜಿನ್ನುಗಳನ್ನು ಹೊರತಂದಿತು. ಅವುಗಳ ಮೈ ಹಿತ್ತಾಳೆಯದಾದರೂ ಬಾಯ್ಲರು ತಾಮ್ರದ್ದು. ಈ ವ್ಯತ್ಯಾಸವನ್ನು ಗಮನಿಸಬೇಕು; ವಿದ್ಯಾರ್ಥಿಯ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ.

ಹಿತ್ತಾಳೆಯು ತಾಮ್ರ ಮತ್ತು ಸತುವಿನ ಮಿಶ್ರಲೋಹ. ಬಿಸಿನೀರಿನ ದೀರ್ಘ ಸಂಪರ್ಕದಲ್ಲಿ ಸತುವು ಮೆಲ್ಲಮೆಲ್ಲನೆ ಕರಗಿಹೋಗಿ, ರಂಧ್ರಮಯವಾದ ತಾಮ್ರ ಮಾತ್ರ ಉಳಿಯುತ್ತದೆ. ಆಕಾರ ಕೆಡುವುದಿಲ್ಲ, ಬಲ ಕೆಡುತ್ತದೆ. ಹಳದಿಯ ನಡುವೆ ಎದ್ದುಕಾಣುವ ನಸುಗೆಂಪಿನ ಕಲೆಯೊಂದೇ ಇದರ ಗುರುತು. ಇಲ್ಲಿಯೂ ಪ್ರಮಾಣದ ನಿಯಮ ತನ್ನ ಪ್ರಭಾವವನ್ನು ತೋರದೆ ಬಿಡದು. ಬಾಯ್ಲರಿನ ವ್ಯಾಸವೂ ತಗಡಿನ ದಪ್ಪವೂ ಒಂದೇ ಪ್ರಮಾಣದಲ್ಲಿ ಕುಗ್ಗಿದರೆ, ಒಂದೇ ಒತ್ತಡಕ್ಕೆ ತಗಡಿನಲ್ಲಿ ಉಂಟಾಗುವ ಸೆಳೆತ ಬದಲಾಗದು. ಆದರೆ ಸವೆತವು ಕುಗ್ಗದು. ಹತ್ತನೆಯ ಒಂದು ಮಿಲಿಮೀಟರಿನಷ್ಟು ತಿಂದುಹೋದರೆ 16 ಮಿಲಿಮೀಟರಿನ ತಗಡಿಗೆ ಅದು ಲೆಕ್ಕಕ್ಕಿಲ್ಲ. ಅರ್ಧ ಮಿಲಿಮೀಟರಿನ ತಗಡಿಗೆ ಐದನೆಯ ಒಂದು ಪಾಲೇ ಹೋದಂತಾಯಿತು.

ಹಿತ್ತಾಳೆಯ ಇನ್ನೊಂದು ವ್ಯಾಧಿ ಪತ್ತೆಯಾದದ್ದು ಭಾರತದಲ್ಲಿಯೇ. ಬ್ರಿಟಿಷ್ ಸೈನ್ಯದ ಹಿತ್ತಾಳೆ ತೋಟೆಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಕೂಡಿಟ್ಟಾಗ ಅವು ತಾವಾಗಿಯೇ ಬಿರಿಯುತ್ತಿದ್ದವು. ತಗಡನ್ನು ಬಡಿದು ಎಳೆದು ರೂಪಿಸುವಾಗ ಒಳಗೆ ಉಳಿದ ಸೆಳೆತವೂ, ಕುದುರೆಯ ಮೂತ್ರದಿಂದೇಳುವ ಅಮೋನಿಯಾವೂ ಸೇರಿ ಈ ಬಿರುಕನ್ನುಂಟುಮಾಡುತ್ತವೆಂದು 1921ರಲ್ಲಿ ವಿವರಣೆ ದೊರೆಯಿತು. ಹಳೆಯ ಹಿತ್ತಾಳೆ ಎಂಜಿನ್ನನ್ನು ಅಮೋನಿಯಾ ಬೆರೆತ ಹೊಳಪಿನ ದ್ರವದಿಂದ ಉಜ್ಜುವವರು ಇದನ್ನು ನೆನಪಿಡಬೇಕು. ನಮ್ಮ ಮನೆಗಳ ಹುಣಸೆಹಣ್ಣಿನಲ್ಲಿ ಅಮೋನಿಯಾದ ಭಯವಿಲ್ಲ. ಆದರೆ ಅದರ ಆಮ್ಲವೂ ಸಂದಿಗಳಲ್ಲಿ ಉಳಿಯಬಾರದು.

ಬಾಯ್ಲರು ಬಿರಿದರೆ ಏನಾದೀತು? 100 ಮಿಲಿಲೀಟರು, ಒಂದು ಸಣ್ಣ ಲೋಟದಷ್ಟು, ನೀರು 133 ಡಿಗ್ರಿಯಲ್ಲಿದೆಯೆಂದು ಭಾವಿಸಿರಿ. ಒತ್ತಡ ಒಮ್ಮೆಲೇ ತಪ್ಪಿದರೆ ಅದು 100 ಡಿಗ್ರಿಗೆ ಇಳಿಯಲೇಬೇಕು. ಹೆಚ್ಚಾಗಿ ಉಳಿದ ಸುಮಾರು 14,000 ಜೂಲ್ ಶಾಖವು ಆರು ಗ್ರಾಂ ನೀರನ್ನು ಆವಿಯಾಗಿಸುತ್ತದೆ. ಒಂದು ಗ್ರಾಂ ನೀರಿನಿಂದ 1,670 ಘನ ಸೆಂಟಿಮೀಟರು ಉಗಿ. ಹೀಗೆ ಕ್ಷಣಮಾತ್ರದಲ್ಲಿ ಹತ್ತು ಲೀಟರು ಉಗಿ, ಬಗ್ಗಿ ನೋಡುತ್ತಿರುವ ಹುಡುಗನ ಮುಖದೆದುರಿಗೆ. ಇನ್ನು ನೀರೆಲ್ಲ ಆರಿದ ಮೇಲೂ ದೀಪ ಉರಿಯುತ್ತಿದ್ದರೆ, ಸುಮಾರು 183 ಡಿಗ್ರಿಯಲ್ಲಿಯೇ ಕರಗುವ ಸೀಸ-ತವರದ ಬೆಸುಗೆ ಬಿಟ್ಟುಕೊಳ್ಳುತ್ತದೆ. ತಾಮ್ರದ ಬಾಯ್ಲರುಗಳಿಗೆ 600 ಡಿಗ್ರಿಗೂ ಮೇಲೆ ಕರಗುವ ಬೆಳ್ಳಿಬೆಸುಗೆಯನ್ನು ಬಳಸುವುದು ಈ ಕಾರಣದಿಂದ.

ಆದ್ದರಿಂದ ಬಾಯ್ಲರನ್ನು ಮೊದಲು ತಣ್ಣೀರಿನಿಂದ ಪರೀಕ್ಷಿಸುವುದು ಪದ್ಧತಿ. ಗಾಳಿಯ ಕುರುಹೂ ಇಲ್ಲದಂತೆ ನೀರು ತುಂಬಿ, ಕೈಪಂಪಿನಿಂದ ಕೆಲಸದ ಒತ್ತಡಕ್ಕಿಂತ ಎರಡರಷ್ಟು ಒತ್ತಡವನ್ನು ಕೊಡುತ್ತಾರೆ. ನೀರು ಕುಗ್ಗುವುದು ಅತ್ಯಲ್ಪವಾದುದರಿಂದ ಅದರಲ್ಲಿ ಶೇಖರವಾಗುವ ಶಕ್ತಿಯೂ ಅತ್ಯಲ್ಪ. ತಗಡು ಸೀಳಿದರೆ ಒಂದು ಚಿಲುಮೆ ಚಿಮ್ಮಿ ಒತ್ತಡ ಇಳಿದುಹೋಗುತ್ತದೆ, ಅಷ್ಟೇ.

ನಮ್ಮ ಎಂಜಿನ್ನಿಗೂ ಹೀಗೆಯೇ ಮಾಡಿದೆವು. ಒತ್ತಡಮಾಪಕದ ಮುಳ್ಳು ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮನ್ನು ಮುಟ್ಟುವ ಮೊದಲೇ, ಬಾಯ್ಲರಿನ ಹೊಟ್ಟೆಯಲ್ಲಿ ದೀಪದ ನೇರಕ್ಕಿದ್ದ ನಸುಗೆಂಪಿನ ಕಲೆಯೊಂದರಿಂದ ಬೆವರಿನಂತೆ ನೀರು ಒಸರತೊಡಗಿತು. ಪಂಪನ್ನು ನಿಲ್ಲಿಸಿದೆವು. ವಿದ್ಯಾರ್ಥಿ ಮುಖ ಸಣ್ಣದು ಮಾಡಿಕೊಂಡನು. ಮರುದಿನ ಬಾಯ್ಲರಿನಿಂದ ಸಿಲಿಂಡರಿಗೆ ಹೋಗುವ ಕೊಳವೆಯನ್ನು ಬಿಡಿಸಿ, ಅದರ ತುದಿಗೆ ರಬ್ಬರು ನಳಿಗೆಯೊಂದನ್ನು ಸಿಕ್ಕಿಸಿ, ಆತನ ಕೈಗೆ ಸೈಕಲ್ ಪಂಪನ್ನು ಕೊಟ್ಟೆ. ಬೆರಳಿನಿಂದ ಗಾಲಿಯನ್ನು ಒಮ್ಮೆ ತಳ್ಳಿ ಆತನು ಪಂಪನ್ನೊತ್ತಲು, ಸಿಲಿಂಡರು ತೊಟ್ಟಿಲಿನಂತೆ ತೂಗುತ್ತ ಗಾಲಿಗಳನ್ನು ಗಿರ್ರನೆ ತಿರುಗಿಸಿತು. ಈಗಲೂ ಅದು ಪ್ರಯೋಗಶಾಲೆಯ ಗಾಜಿನ ಬೀರುವಿನಲ್ಲಿದೆ, ಪಕ್ಕದಲ್ಲಿ ಪಂಪಿನೊಡನೆ.