ಹೊಲ ಕಾಯುವ ನಾಯಿಯ ಪಾದವ್ರಣ: ಕಾರಣ ಮತ್ತು ಮನೆಯ ಉಪಚಾರ

ಕಾವಲು ನಾಯಿಯ ಕಾಲಿನಲ್ಲಿ ಮೇಲಿಂದ ಮೇಲೆ ಹುಣ್ಣಾಗುವುದನ್ನು ಹತ್ತಿಮತ್ತೂರಿನ ಸುತ್ತಣ ಒಕ್ಕಲಿಗರು ಕಾಣದವರಲ್ಲ. ಗೋವಿನಜೋಳಕ್ಕೆ ಹಂದಿ ಬೀಳದಂತೆ ಇರುಳೆಲ್ಲ ಎಚ್ಚರಿದ್ದು, ಹಗಲು ಕುರಿಮಂದೆಯ ಹಿಂದೆ ನಡೆಯುವ ಆ ಮೂಕಪ್ರಾಣಿಯು ಬೆರಳ ಸಂದಿಯನ್ನು ನೆಕ್ಕುತ್ತ ಮೂಲೆ ಹಿಡಿದಾಗ ಮನೆಯವರು ಅರಿಸಿನವನ್ನೋ ಬೇವಿನೆಣ್ಣೆಯನ್ನೋ ಹಚ್ಚುತ್ತಾರೆ. ನಾಲ್ಕು ದಿನಕ್ಕೆ ಬಾವು ಇಳಿಯುತ್ತದೆ. ತಿಂಗಳು ತುಂಬುವುದರೊಳಗೆ ಅದೇ ಸಂದಿಯಲ್ಲಿ ಮತ್ತೆ ಕೀವು ಕಾಣಿಸುತ್ತದೆ. ಹೀಗೆ ಮರುಕಳಿಸುವ ವ್ರಣಕ್ಕೆ ಒಳಗೊಂದು ಕಾರಣವಿದ್ದೇ ಇರುವುದೆಂದೂ, ಅದನ್ನು ಶೋಧಿಸದೆ ಹೊರಗಿನಿಂದ ಲೇಪಿಸಿದ ಔಷಧವು, ಅದೆಷ್ಟೇ ಶ್ರೇಷ್ಠವಾದುದಾದರೂ, ರೋಗವನ್ನು ಮರೆಮಾಡುವುದಲ್ಲದೆ ನಿರ್ಮೂಲಗೊಳಿಸಲಾರದೆಂದೂ ಮೊದಲು ಮನಗಾಣಬೇಕು.

ಒಂದೇ ಪಾದದ ಒಂದೇ ಸಂದಿಯಲ್ಲಿ ಹುಣ್ಣು ಮರುಕಳಿಸುತ್ತಿದ್ದರೆ ಮುರಿದುಳಿದ ಜಾಲಿಮುಳ್ಳನ್ನು, ನೆಗ್ಗಿಲನ್ನು, ಇಲ್ಲವೆ ಚರ್ಮವನ್ನು ಭೇದಿಸಿ ಒಳಸರಿಯುವ ಹುಲ್ಲಿನ ಮೊನೆಯನ್ನು ಶಂಕಿಸತಕ್ಕದ್ದು. ನಾಲ್ಕೂ ಪಾದಗಳು ಕೆಂಪೇರಿ ತುರಿಸುತ್ತಿದ್ದರೆ ಉಣ್ಣೆ, ರೋಮಕೂಪಗಳಲ್ಲಿ ಅಡಗುವ ಕಣ್ಣಿಗೆ ಕಾಣದ ನುಸಿ, ಶಿಲೀಂಧ್ರ, ಅಥವಾ ಮೈಗೊಗ್ಗದ ಆಹಾರ ಕಾರಣವಾಗಿರಬಹುದು. ಇವಲ್ಲದೆ ನಮ್ಮ ಎರೆಮಣ್ಣಿನದೇ ಒಂದು ಪೀಡೆಯುಂಟು. ಮಳೆಗಾಲದಲ್ಲಿ ಅದು ಬೆರಳ ನಡುವಣ ಕೂದಲಿಗೆ ಅಂಟಿ, ಹೆಂಟೆಗಟ್ಟಿ, ಒಣಗಿ ಗಡುಸಾಗಿ, ಹೆಜ್ಜೆಹೆಜ್ಜೆಗೂ ಎಳೆಯ ಚರ್ಮವನ್ನು ತಿಕ್ಕುತ್ತದೆ. ಆ ತರಚಿನಲ್ಲಿ ತೇವ ನಿಂತು ರೋಗಾಣುಗಳು ನೆಲೆಗೊಳ್ಳುತ್ತವೆ.

ನೋವಿನಲ್ಲಿರುವ ಪ್ರಾಣಿ ಒಡೆಯನನ್ನೂ ಕಚ್ಚೀತು. ಆದುದರಿಂದ ಉಸಿರಿಗೆ ತೊಡಕಾಗದಂತೆ ಬಟ್ಟೆಯ ಪಟ್ಟಿಯಿಂದ ಅದರ ಬಾಯಿ ಕಟ್ಟಿ, ಬೆಳಕಿನಲ್ಲಿ ಪ್ರತಿಯೊಂದು ಸಂದಿಯನ್ನೂ ಬಿಡಿಸಿ ನೋಡಬೇಕು. ಒಂದು ಲೀಟರು ನೀರನ್ನು ಕುದಿಸಿ, ಉಗುರುಬೆಚ್ಚಗಾದ ಮೇಲೆ ಸುಮಾರು 10 ಗ್ರಾಂ, ಎಂದರೆ ಎರಡು ಸಣ್ಣ ಚಮಚ, ಅಡಿಗೆ ಉಪ್ಪನ್ನು ಕರಗಿಸಿ, ಅದರಲ್ಲಿ ಪಾದವನ್ನು ಐದರಿಂದ ಹತ್ತು ನಿಮಿಷ ನೆನೆಯಿಸಿ ಮಣ್ಣನ್ನು ಮೆಲ್ಲನೆ ಬಿಡಿಸುವುದು, ಹೀಗೆ ದಿನಕ್ಕೆರಡು ಸಲ ಮಾಡುವುದು ಮನೆಯ ಉಪಚಾರಗಳಲ್ಲೆಲ್ಲ ನಿರಪಾಯವಾದುದು. ಪೊವಿಡೋನ್ ಅಯೋಡಿನ್ ದೊರೆತರೆ ತೆಳು ಚಹಾದ ಬಣ್ಣ ಬರುವಷ್ಟು ನೀರಿಗೆ ಬೆರೆಸಿ ತೊಳೆಯಬಹುದು. ಆದರೆ ತೊಳೆದು ಹಾಗೆಯೇ ಬಿಟ್ಟರೆ ತೊಳೆಯದಿದ್ದುದೇ ಮೇಲು. ಶುಭ್ರವಾದ ಒಣಬಟ್ಟೆಯಿಂದ ಪ್ರತಿ ಸಂದಿಯ ತೇವವನ್ನೂ ಒತ್ತಿ ತೆಗೆಯುವುದನ್ನು ನಾನು ಅರ್ಧ ಚಿಕಿತ್ಸೆಯೆಂದೇ ಎಣಿಸುತ್ತೇನೆ. ಕೊಬ್ಬರಿಯೆಣ್ಣೆಯಲ್ಲಿ ಕಲಸಿದ ಅರಿಸಿನವನ್ನು ಒಣಗಿದ ಸಣ್ಣ ತರಚಿಗೆ ತೆಳುವಾಗಿ ಹಚ್ಚಲು ಅಡ್ಡಿಯಿಲ್ಲ. ಕೀವು ಸೋರುವ ಗಾಯಕ್ಕೆ ಅದು ಸಲ್ಲದು. ನೆಕ್ಕಿದರೆ ಹುಣ್ಣು ಮಾಯುವುದೆಂಬ ನಂಬಿಕೆಯೂ ಸರಿಯಲ್ಲ, ನೆಕ್ಕುವಿಕೆಯೇ ಗಾಯವನ್ನು ಹಸಿಯಾಗಿಡುತ್ತದೆ. ತಳ ಕತ್ತರಿಸಿದ ಹಳೆಯ ಪ್ಲಾಸ್ಟಿಕ್ ಬಕೆಟ್ಟನ್ನು, ಅಂಚಿಗೆ ಬಟ್ಟೆ ಸುತ್ತಿ, ಕೊರಳಿಗೆ ತೊಡಿಸಿದರೆ ಬಾಯಿ ಪಾದಕ್ಕೆ ಮುಟ್ಟದು.

ಸೀಮೆಎಣ್ಣೆ, ಸುಣ್ಣ, ತಂಬಾಕು, ಸುಟ್ಟ ಇಂಜಿನ್ ಎಣ್ಣೆಗಳನ್ನು ಗಾಯಕ್ಕೆ ಎಂದೂ ತಾಗಿಸಬಾರದು. ಉಣ್ಣೆ ಸಾಯಲೆಂದು ಬೆಳೆಗೆ ಹೊಡೆಯುವ ಕೀಟನಾಶಕವನ್ನು ನಾಯಿಯ ಮೈಗೆ ಬಳಿಯುವುದು ಪ್ರಾಣಾಪಾಯಕರ. ಮನುಷ್ಯರ ನೋವಿನ ಗುಳಿಗೆಗಳೂ ನಾಯಿಗೆ ವಿಷಪ್ರಾಯವಾಗಬಲ್ಲವು.

ಮೂರು ದಿನಗಳಲ್ಲಿ ಗುಣ ಕಾಣದಿದ್ದರೆ, ನಾಯಿ ಕಾಲೂರದಿದ್ದರೆ, ಗಾಯದಲ್ಲಿ ಹುಳ ಬಿದ್ದರೆ, ಅಥವಾ ಮಾಯ್ದ ಹುಣ್ಣು ಮರಳಿ ಬಂದಿದ್ದರೆ ಪಶುವೈದ್ಯರಲ್ಲಿಗೆ ಒಯ್ಯಲೇಬೇಕು. ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಹೊರತು ನುಸಿಯ ಇರವು ತಿಳಿಯದು. ಆಳಕ್ಕಿಳಿದ ಸೋಂಕಿಗೆ ಹಲವು ವಾರಗಳ ಔಷಧ ಬೇಕಾಗುವುದುಂಟು, ಮೇಲ್ಚರ್ಮ ಕೂಡಿತೆಂದು ಅದನ್ನು ನಡುವೆ ನಿಲ್ಲಿಸಿದರೆ ಕೀವು ಮತ್ತೆ ಕಟ್ಟುತ್ತದೆ. ಪಾದದ ಗಾಯ ಬೇರೊಂದು ನಾಯಿ ಕಚ್ಚಿ ಆದುದೆಂಬ ಸಂಶಯವಿದ್ದರೆ ಅದನ್ನು ಬರಿಗೈಯಿಂದ ಮುಟ್ಟಲಾಗದು, ಹುಚ್ಚುನಾಯಿ ರೋಗದ ಭಯವುಂಟು. ಅಂಥ ನಾಯಿಯ ಜೊಲ್ಲು ನಮ್ಮ ತರಚಿಗೆ ತಾಗಿದ್ದರೆ ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು.